ಕರೆಂಟ್ ಹೋದರೂ ಕೈಕೊಡದ ಫಿಲ್ಟರ್: ಕೊಡಗಿನ ಮನೆಯ ಮೀನಿನ ತೊಟ್ಟಿಗೆ

ಮೊದಲು ಲೆಕ್ಕ ಮುಗಿಸಿಬಿಡೋಣ. ನನ್ನ ಗಾಜಿನ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಗುಣಿಸಿದರೆ 54 ಲೀಟರ್. ಮೇಲೆ ಬಿಟ್ಟ ಎರಡು ಬೆರಳಿನಷ್ಟು ಜಾಗ, ತಳದ ಮರಳು, ಕಲ್ಲು ಇವನ್ನು ಕಳೆದರೆ ನಿಜವಾಗಿ ನಿಲ್ಲುವ ನೀರು ಸುಮಾರು 43 ಲೀಟರ್. ತೊಟ್ಟಿಯ ನೀರು ಗಂಟೆಗೆ ನಾಲ್ಕರಿಂದ ಆರು ಸಲ ಫಿಲ್ಟರಿನೊಳಗೆ ಹಾದುಹೋಗಬೇಕು ಎಂಬುದು ಮೀನು ಸಾಕುವವರ ರೂಢಿಯ ಲೆಕ್ಕ. ಅಂದರೆ ಗಂಟೆಗೆ 170ರಿಂದ 260 ಲೀಟರ್. ಡಬ್ಬದ ಮೇಲೆ ಅಚ್ಚಾದ ಅಂಕಿ ಖಾಲಿ ಪಂಪಿನದು. ಒಳಗೆ ಸ್ಪಂಜ್ ತುಂಬಿ ಅದರ ಮೇಲೆ ಕೊಳೆ ಕೂತ ಮೇಲೆ ಅಷ್ಟು ನೀರು ಬರುವುದಿಲ್ಲ. ಆದ್ದರಿಂದ ಸ್ವಲ್ಪ ಹೆಚ್ಚಿನದನ್ನೇ ನೋಡಬೇಕು.

ಈ ಲೆಕ್ಕ ಎಲ್ಲ ಊರಿಗೂ ಒಂದೇ. ಕೊಡಗಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಈ ಫಿಲ್ಟರ್ ಏನಾಗುತ್ತದೆ?

ಇದಕ್ಕೆ ಉತ್ತರ ಬೇಕಾದರೆ ಫಿಲ್ಟರಿನೊಳಗೆ ಯಾರು ವಾಸವಾಗಿದ್ದಾರೆ ಎಂದು ತಿಳಿಯಬೇಕು. ಕಸ ಹಿಡಿಯುವುದು ಫಿಲ್ಟರಿನ ಸಣ್ಣ ಕೆಲಸ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ, ಅದು ಮೀನಿಗೇ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ಇದರ ಅಪಾಯ ಬಹಳ ಕಡಿಮೆ, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿದರೆ ಸಾಕು. ಎರಡನೆಯ ಗುಂಪಿಗೆ ಪುಸ್ತಕಗಳು ನೈಟ್ರೋಬ್ಯಾಕ್ಟರ್ ಎಂದು ಹೆಸರು ಕೊಡುತ್ತವೆ. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೋಸ್ಪೈರಾ ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪರೀಕ್ಷೆಗೆ ಓದುವವರು ಎರಡನ್ನೂ ನೆನಪಿಡಿ. ಈ ಜೀವಿಗಳು ನೀರಿನಲ್ಲಿ ತೇಲುವುದು ಕಡಿಮೆ; ಸ್ಪಂಜಿನ ರಂಧ್ರಗಳಲ್ಲಿ ಅಂಟಿಕೊಂಡು ಬದುಕುತ್ತವೆ. ಅವಕ್ಕೆ ಬಿಡುವಿಲ್ಲದೆ ಆಮ್ಲಜನಕ ಬೇಕು. ನೀರು ನಿಂತರೆ ಆಮ್ಲಜನಕ ನಿಂತಿತು.

ನಾನು ಮೊದಲು ತಂದದ್ದು ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರ್. ನೋಡಲು ಚೆಂದ, ನೀರು ಸಣ್ಣ ಅಬ್ಬಿಯಂತೆ ಬೀಳುತ್ತದೆ. ಮಳೆಗಾಲದ ಒಂದು ರಾತ್ರಿ ಸಿಲ್ವರ್ ಮರ ತಂತಿಯ ಮೇಲೆ ಬಿತ್ತು. ಮರುದಿನ ರಾತ್ರಿ ಕರೆಂಟ್ ಬಂದಾಗ ನಾವು ಮಲಗಿದ್ದೆವು. ಬೆಳಿಗ್ಗೆ ಅಮ್ಮ ಕರೆದರು: “ಬಂದು ನೋಡು, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ.” ಮೋಟಾರು ಗುಂಯ್ ಎನ್ನುತ್ತಿತ್ತು, ನೀರು ಮಾತ್ರ ಬೀಳುತ್ತಿರಲಿಲ್ಲ. ಪಂಪು ನಿಂತಾಗ ಕೊಳವೆಯ ನೀರು ತೊಟ್ಟಿಗೆ ಇಳಿದುಹೋಗಿ ಅದು ಗಾಳಿ ಎಳೆಯುತ್ತಿತ್ತು. ಒಂದು ಲೋಟ ನೀರು ಸುರಿದ ಕೂಡಲೇ ಮತ್ತೆ ಹರಿಯಿತು. ಆದರೆ ಲೋಟ ಹಿಡಿದು ರಾತ್ರಿಯಿಡೀ ಕಾಯುವವರು ಯಾರು?

ತೊಟ್ಟಿಯ ಕೆಳಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್, ಅಂದರೆ ಕ್ಯಾನಿಸ್ಟರ್, ದೊಡ್ಡ ತೊಟ್ಟಿಗೆ ಒಳ್ಳೆಯದು. ಆದರೆ ಅದು ಗಂಟೆಗಟ್ಟಲೆ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನು ಮುಗಿಸಿ ಸಾಯತೊಡಗುತ್ತದೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರೆಲ್ಲ ಮೀನಿನ ಮೇಲೆ. ಕ್ಯಾನಿಸ್ಟರ್ ಇರುವವರು ಮೊದಲು ಆ ನೀರನ್ನು ಚೆಲ್ಲಿ ಆಮೇಲೆ ಸ್ವಿಚ್ ಹಾಕಿ. ತೊಟ್ಟಿಯೊಳಗೇ ಮುಳುಗಿಸುವ ಮೋಟಾರು ಫಿಲ್ಟರಿಗೆ ಈ ತೊಂದರೆ ಅಷ್ಟಿಲ್ಲ. ಆದರೆ ಬೆಟ್ಟಾದಂತಹ ಉದ್ದ ರೆಕ್ಕೆಯ ಮೀನು ಅದರ ರಭಸಕ್ಕೆ ಸೋಲುತ್ತದೆ.

ಹೀಗಾಗಿ ಸಣ್ಣ ತೊಟ್ಟಿಗೆ ನನ್ನ ಆಯ್ಕೆ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ನೋಡಲು ಚೆಂದವಿಲ್ಲ, ಗುಳುಗುಳು ಸದ್ದು ಬೇರೆ. ಆದರೆ ಮೋಟಾರು ನೀರಿಗೆ ಇಳಿಯುವುದಿಲ್ಲ. ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ಸ್ಪಂಜಿನ ಮೂಲಕ ನೀರನ್ನು ಎಳೆಯುತ್ತವೆ, ಮೇಲ್ಮೈಯನ್ನು ಕದಡಿ ಆಮ್ಲಜನಕವನ್ನೂ ಬೆರೆಸುತ್ತವೆ. ಸಣ್ಣ ಏರ್ ಪಂಪಿಗೆ ಕೆಲವೇ ವಾಟ್ ಸಾಕು, ಇನ್ವರ್ಟರ್‌ಗೆ ಅದು ಭಾರವೇ ಅಲ್ಲ. ಇನ್ವರ್ಟರ್ ಇಲ್ಲದ ಮನೆಗೆ ಟಾರ್ಚಿನ ಸೆಲ್ ಹಾಕುವ ಅಥವಾ ಚಾರ್ಜ್ ಮಾಡುವ ಪಂಪು ಸಿಗುತ್ತದೆ. ಗಾಳಿಯ ಟ್ಯೂಬಿನ ನಡುವೆ ಒಮ್ಮುಖ ವಾಲ್ವ್ ಮರೆಯದೆ ಹಾಕಿ. ಅದಿಲ್ಲದಿದ್ದರೆ ಕರೆಂಟ್ ಹೋದಾಗ ತೊಟ್ಟಿಯ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ತೋಯಿಸುತ್ತದೆ.

ಗುಳ್ಳೆಯ ಪರವಾಗಿ ಇನ್ನೊಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದಂತೆ ನೀರು ಹಿಡಿದಿಡುವ ಆಮ್ಲಜನಕವೂ ಇಳಿಯುತ್ತದೆ: 25 ಡಿಗ್ರಿಯ ನೀರಿನಲ್ಲಿ ಮಂಗಳೂರಿನ ತೀರದಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, ಮಡಿಕೇರಿಯಲ್ಲಿ ಸುಮಾರು 7.2. ಚಳಿಗಾಲದ ತಣ್ಣನೆಯ ನೀರು ಈ ಕೊರತೆಯನ್ನು ತುಂಬಿಕೊಡುತ್ತದೆ, ಆದರೆ ಅದೇ ಚಳಿಯಲ್ಲಿ ಬ್ಯಾಕ್ಟೀರಿಯಾ ಮಂದವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ನಾಲ್ಕರಿಂದ ಆರು ವಾರಗಳಲ್ಲಿ ಸಾಕಷ್ಟು ಬ್ಯಾಕ್ಟೀರಿಯಾ ಬೆಳೆದು ಪಕ್ವವಾಗುವ ಹೊಸ ಫಿಲ್ಟರ್ ಡಿಸೆಂಬರಿನಲ್ಲಿ ಇನ್ನೂ ತಡಮಾಡುತ್ತದೆ. ಅವಸರಪಟ್ಟು ಮೀನು ತುಂಬಬೇಡಿ.

ಇನ್ನು ನೀರಿನ ಗುಣ. ತೋಟದ ಮಣ್ಣು ಹುಳಿಯೆಂದು ಸುಣ್ಣ ಹಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಬಾವಿಯ ನೀರು ಮೃದು, ಕ್ಷಾರತೆ, ಅಂದರೆ ಹುಳಿಯಾಗದಂತೆ ತಡೆಯುವ ಶಕ್ತಿ, ತೀರಾ ಕಡಿಮೆ. ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡಲು ಸುಮಾರು ಏಳು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ ಖರ್ಚಾಗುತ್ತದೆ. ಅದು ಮುಗಿದ ಮೇಲೆ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಜಾರುತ್ತದೆ, 6.5ರ ಕೆಳಗೆ ಬ್ಯಾಕ್ಟೀರಿಯಾ ಸೊರಗುತ್ತದೆ. ಬಲೆಯ ಚೀಲದಲ್ಲಿ ಒಂದು ಹಿಡಿ ಕಪ್ಪೆಚಿಪ್ಪಿನ ಚೂರು ಕಟ್ಟಿ ಸ್ಪಂಜಿನ ಪಕ್ಕ ಇಟ್ಟರೆ ಅದು ನಿಧಾನವಾಗಿ ಕರಗಿ ಸರಿದೂಗಿಸುತ್ತದೆ. ತೋಟದ ಸುಣ್ಣವನ್ನು ತೊಟ್ಟಿಗೆ ಹಾಕುವ ಯೋಚನೆ ಬೇಡ. ಹುಳಿ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಪಿಎಚ್ ಒಮ್ಮೆಲೇ ಏರಿದರೆ ಅದೇ ವಿಷದ ರೂಪಕ್ಕೆ ತಿರುಗುತ್ತದೆ.

ತೊಳೆಯುವ ಕ್ರಮ ಹೀಗೆ. ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ನೀರನ್ನು ಬಕೆಟಿನಲ್ಲಿ ಹಿಡಿದು ಅದರಲ್ಲೇ ಸ್ಪಂಜನ್ನು ಮೂರು ನಾಲ್ಕು ಸಲ ಹಿಂಡಿ. ನೀರು ಗಟ್ಟಿ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಒಳಗಿನ ಸಂಸಾರ ಕ್ಷೇಮ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಕಾಗಿಲ್ಲ. ಬ್ಲೀಚಿಂಗ್ ಪುಡಿ ಬೆರೆತ ನಲ್ಲಿ ನೀರಿನ ಕೆಳಗೆ ಹಿಡಿದು ಬೆಳ್ಳಗಾಗುವಂತೆ ಉಜ್ಜಿದರೆ ತಿಂಗಳುಗಟ್ಟಲೆ ಬೆಳೆದದ್ದು ಐದು ನಿಮಿಷದಲ್ಲಿ ಹೋಯಿತು. ಬಕೆಟಿನ ಆ ಕಂದು ನೀರನ್ನು ನಾನು ಅಂಗಳದ ಕಾಳುಮೆಣಸಿನ ಬಳ್ಳಿಯ ಬುಡಕ್ಕೆ ಸುರಿಯುತ್ತೇನೆ.