ಕಂಪನಿ ಸರ್ಕಾರದ ಜೊತೆ ಸೇಫ್ಟಿ ಪಾರ್ಟ್‌ನರ್ ಆದ್ರೆ ಇನ್‌ಸ್ಪೆಕ್ಟರ್ ಬರೋದೇ ಇಲ್ವಾ?

ಪ್ರಶ್ನೆ: ನಾನು ಪುಣೆ ಹತ್ತಿರದ ಚಾಕಣದಲ್ಲಿ ಗಾಡಿಗಳ ಪಾರ್ಟ್ ಮಾಡುವ ಕಂಪನಿಯಲ್ಲಿದ್ದೇನೆ, ಊರು ಇಂಡಿ ಕಡೆ. ನಮ್ಮ ಕಂಪನಿಯ ಮೂಲ ಅಮೆರಿಕದಲ್ಲಿದೆ. ಮೊನ್ನೆ ಮೀಟಿಂಗ್‌ನಲ್ಲಿ ಸಾಹೇಬರು ಹೇಳಿದರು, ಅಲ್ಲಿಯ ನಮ್ಮ ಪ್ಲಾಂಟ್ ಸರ್ಕಾರದ ಪಾರ್ಟ್‌ನರ್ ಆಗಿದೆ, ಅಲ್ಲಿಗೆ ಇನ್‌ಸ್ಪೆಕ್ಟರ್ ಬರೋದೇ ಇಲ್ಲ, ನಾವೂ ಹಾಗೇ ಆಗಬೇಕು ಅಂತ. ಹಾಗಾದ್ರೆ ಏನಾದ್ರೂ ತೊಂದರೆ ಇದ್ರೆ ನಾವು ಯಾರಿಗೆ ಹೇಳೋದು?

ಉತ್ತರ: ಪಿಂಪ್ರಿ, ಭೋಸರಿ, ಚಾಕಣ ಕಡೆ ಇರುವ ನಮ್ಮವರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಇನ್‌ಸ್ಪೆಕ್ಟರ್ ಬರೋದೇ ಇಲ್ಲ ಅನ್ನೋ ಮಾತು ತಪ್ಪು. ಅಮೆರಿಕಕ್ಕೂ ಅದು ನಿಜವಲ್ಲ, ಇಲ್ಲಿಗಂತೂ ಅಲ್ಲವೇ ಅಲ್ಲ.

ಸಾಹೇಬರು ಹೇಳಿದ್ದು ಅಲ್ಲಿಯ ವಿಪಿಪಿ ಯೋಜನೆ ಇರಬೇಕು, ಅಂದ್ರೆ ವಾಲಂಟರಿ ಪ್ರೊಟೆಕ್ಷನ್ ಪ್ರೋಗ್ರಾಮ್ಸ್. ಕೆಲಸದ ಜಾಗದ ಸುರಕ್ಷತೆ ನೋಡುವ ಓಶಾ ಅನ್ನೋ ಅಲ್ಲಿಯ ಸರ್ಕಾರಿ ಇಲಾಖೆ 1982ರಲ್ಲಿ ಇದನ್ನು ಶುರು ಮಾಡಿತು. ಕಂಪನಿ ತಾನಾಗಿ ಮುಂದೆ ಬಂದು ಅರ್ಜಿ ಹಾಕಬೇಕು, ಯಾರೂ ಒತ್ತಾಯ ಮಾಡೋದಿಲ್ಲ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಸಿಗೋದಿಲ್ಲ. ಅದೇ ಥರದ ಕಾರ್ಖಾನೆಗಳ ಸರಾಸರಿಗಿಂತ ನಿಮ್ಮಲ್ಲಿ ಗಾಯಗಳು ಕಡಿಮೆ ಇರಬೇಕು, ಅಪಾಯ ಹುಡುಕಿ ಸರಿ ಮಾಡುವ ವ್ಯವಸ್ಥೆ ಇರಬೇಕು, ಕೆಲಸಗಾರರು ಅದರಲ್ಲಿ ನಿಜವಾಗಿ ಪಾಲ್ಗೊಳ್ಳಬೇಕು, ಯೂನಿಯನ್ ಇದ್ರೆ ಅದರ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ಆದ ಮೇಲೆ ಸರ್ಕಾರದ ತಂಡ ಬಂದು ಕಾರ್ಖಾನೆ ನೋಡಿ, ಕೆಲಸಗಾರರ ಜೊತೆ ಮಾತಾಡಿ ತೀರ್ಮಾನ ಮಾಡುತ್ತದೆ. ಅತಿ ಮೇಲಿನ ದರ್ಜೆಗೆ ಸ್ಟಾರ್ ಅಂತಾರೆ.

ಬದಲಿಗೆ ಕಂಪನಿಗೆ ಸಿಗೋದು ಒಂದೇ ದೊಡ್ಡ ರಿಯಾಯಿತಿ: ಇಲಾಖೆ ಮೊದಲೇ ಪಟ್ಟಿ ಹಾಕಿಕೊಂಡು ಮಾಡುವ ತಪಾಸಣೆ ಇವರಿಗೆ ಇಲ್ಲ. ಅಷ್ಟೇ. ಕೆಲಸಗಾರ ದೂರು ಕೊಟ್ಟರೆ ಬರ್ತಾರೆ, ಯಾರಾದ್ರೂ ಸತ್ತರೆ ಬರ್ತಾರೆ, ದೊಡ್ಡ ಕೆಮಿಕಲ್ ಸೋರಿಕೆ ಆದ್ರೆ ಬರ್ತಾರೆ. ಸ್ಟಾರ್ ಸಿಕ್ಕ ಕಾರ್ಖಾನೆಯನ್ನೂ 3ರಿಂದ 5 ವರ್ಷಕ್ಕೊಮ್ಮೆ ಮತ್ತೆ ಪೂರ್ತಿ ನೋಡ್ತಾರೆ. ನಿಮ್ಮ ಸಾಹೇಬರು ಈ ಅರ್ಧ ಮಾತನ್ನು ಬಿಟ್ಟಿದ್ದಾರೆ, ನಿಮಗೆ ಬೇಕಾಗಿರೋದು ಈ ಅರ್ಧವೇ ಅಲ್ವಾ? 2002ರಲ್ಲಿ ಶುರುವಾದ ಅಲಯನ್ಸ್ ಅನ್ನೋ ಇನ್ನೊಂದು ಯೋಜನೆಯೂ ಅಲ್ಲಿದೆ. ತರಬೇತಿ, ಮಾಹಿತಿ ಹಂಚಿಕೊಳ್ಳೋದಕ್ಕೆ ಇರುವ ಒಪ್ಪಂದ ಅದು, ಅದರಲ್ಲಿ ತಪಾಸಣೆಯ ರಿಯಾಯಿತಿ ಇಲ್ಲ.

ನನಗೆ ವಿಪಿಪಿಯಲ್ಲಿ ಬಹಳ ಹಿಡಿಸಿದ ಸಂಗತಿ ಒಂದಿದೆ. ಸ್ಟಾರ್ ಕಾರ್ಖಾನೆಗಳ ಅನುಭವಿ ಕೆಲಸಗಾರರಿಗೆ ಓಶಾ ತರಬೇತಿ ಕೊಟ್ಟು, ಬೇರೆ ಕಾರ್ಖಾನೆಯ ಪರಿಶೀಲನೆಗೆ ತನ್ನ ತಂಡದ ಜೊತೆ ಕರೆದುಕೊಂಡು ಹೋಗುತ್ತದೆ. ಮಷಿನ್ ಮುಂದೆ ನಿಂತು ದುಡಿದವನ ಕಣ್ಣಿಗೆ ಬೀಳೋದು ಫೈಲ್ ಓದಿದವನಿಗೆ ಬೀಳೋದಿಲ್ಲ.

ಇದರಲ್ಲಿ ದೋಷವೂ ಇದೆ. 2009ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಈ ಯೋಜನೆಯನ್ನು ಪರಿಶೀಲಿಸಿ, ಓಶಾದ ಮೇಲ್ವಿಚಾರಣೆ ಸಾಲದು, ಕೆಲಸಗಾರರು ಸತ್ತ ಕೆಲವು ಕಾರ್ಖಾನೆಗಳೂ ಯೋಜನೆಯಲ್ಲೇ ಉಳಿದಿವೆ ಅಂತ ಹೇಳಿತು. ಗಾಯದ ಲೆಕ್ಕ ಇಡೋರು ಕಂಪನಿಯವರೇ, ಲೆಕ್ಕ ಕಡಿಮೆ ಬಂದ್ರೆ ಮರ್ಯಾದೆ ಸಿಗೋದೂ ಅವರಿಗೇ. ನಮ್ಮ ದೇಶದ ರಾಷ್ಟ್ರೀಯ ಸೇಫ್ಟಿ ಪ್ರಶಸ್ತಿಗೂ ಅಪಘಾತ ಎಷ್ಟು ಕಡಿಮೆ ಅನ್ನೋದೇ ಅಳತೆ.

ಅಂಥ ಲೆಕ್ಕ ಹೇಗಿರುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹದಿನೈದು ವರ್ಷದ ಹಿಂದೆ ಭೋಸರಿಯಲ್ಲಿ ಮಷಿನ್‌ನಿಂದ ಒತ್ತಿ ಪೀಸ್ ಮಾಡುವ ಒಂದು ಪ್ರೆಸ್ ಶಾಪ್‌ನಲ್ಲಿ ಸ್ಟೋರ್ ನೋಡಿಕೊಳ್ತಿದ್ದೆ. ಗೇಟಿನ ಹತ್ತಿರ ಕಪ್ಪು ಹಲಗೆ, ಅದರ ಮೇಲೆ ಚಾಕ್‌ಪೀಸ್‌ನಲ್ಲಿ 'ಅಪಘಾತ ಇಲ್ಲದ ದಿನ 212'. ನಮ್ಮ ಪವರ್ ಪ್ರೆಸ್‌ಗಳಿಗೆ ಎರಡು ಬಟನ್ ಇದ್ದವು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಆಗ ಕೈ ಡೈ, ಅಂದ್ರೆ ಅಚ್ಚಿನ ಒಳಗೆ ಇರೋಕೆ ಸಾಧ್ಯವೇ ಇಲ್ಲ. ಆದರೆ ಹಳೇ ಪ್ರೆಸ್‌ನಲ್ಲಿ ಒಂದು ಬಟನ್‌ಗೆ ಮರದ ಚಕ್ಕೆ ಸಿಕ್ಕಿಸಿ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದರೆ ಮುಗೀತು. ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ಪೀಸ್ ತೆಗೆಯೋಕೆ. ತಾಸಿಗೆ ಪೀಸ್ ಜಾಸ್ತಿ. ಸುಪರ್‌ವೈಸರ್‌ಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಯಾರೂ ಬಿಚ್ಚಲಿಲ್ಲ. ಆಳಂದ ಕಡೆಯ ಹುಡುಗ, ಠೇಕೇದಾರನ ಕಡೆಯಿಂದ ಬಂದವನು, ರಾತ್ರಿ ಶಿಫ್ಟ್‌ನಲ್ಲಿ ಎರಡು ಬೆರಳು ಕಳೆದುಕೊಂಡ. ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆಯ ಆಸ್ಪತ್ರೆಗೆ ಒಯ್ಯದೆ ಖಾಸಗಿ ಕ್ಲಿನಿಕ್‌ಗೆ ಒಯ್ದರು. ಬೆಳಿಗ್ಗೆ ನಾನು ಗೇಟ್ ದಾಟುವಾಗ ವಾಚ್‌ಮನ್ ಹಲಗೆ ಒರೆಸಿ 213 ಅಂತ ಬರೆಯುತ್ತಿದ್ದ.

ಆ ಅಪಘಾತ ದಾಖಲಾಗಿದ್ದರೆ, ಕೆಲಸಕ್ಕೆ ಬರಲಾಗದ ದಿನಗಳಿಗೆ ಇಎಸ್‌ಐಯಿಂದ ದಿನಗೂಲಿಯ ಸುಮಾರು 90% ಸಿಗುತ್ತಿತ್ತು. ಬೆರಳು ಹೋಗಿದ್ದಕ್ಕೆ ಬದುಕಿರೋವರೆಗೂ ಪಿಂಚಣಿ ಬರುತ್ತಿತ್ತು. ಠೇಕೇದಾರನ ಆಳು ಅನ್ನೋದು ಇದಕ್ಕೆ ಅಡ್ಡ ಬರೋದಿಲ್ಲ. ಅವನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಊರಿಗೆ ಬಸ್ ಹತ್ತಿಸಿದರು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಈಗ ನಮ್ಮ ಕಾನೂನಿನ ಮಾತು. ವಿಪಿಪಿ ಚಾಕಣಕ್ಕೆ ಅನ್ವಯಿಸೋದಿಲ್ಲ, ಅದು ಅಮೆರಿಕದ ನೆಲದ ಯೋಜನೆ. ನಿಮ್ಮ ಕಂಪನಿ ಅದೇ ಮಾದರಿಯಲ್ಲಿ ಸೇಫ್ಟಿ ಮಾಡ್ತೀವಿ ಅಂದ್ರೆ ತುಂಬಾ ಒಳ್ಳೇದು, ಆದರೆ ಇಲ್ಲಿಯ ತಪಾಸಣೆ ಅದರಿಂದ ತಪ್ಪೋದಿಲ್ಲ. ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳನ್ನು ನೋಡೋದು ಡಿಶ್, ಅಂದ್ರೆ ಔದ್ಯೋಗಿಕ ಸುರಕ್ಷಾ ಮತ್ತು ಆರೋಗ್ಯ ಸಂಚಾಲನಾಲಯ. ಪುಣೆಯಲ್ಲೂ ಅದರ ಕಚೇರಿ ಇದೆ. ಸೇಫ್ಟಿ ವಾರದಲ್ಲಿ ಬ್ಯಾಡ್ಜ್ ಹಚ್ಚಿ ಪ್ರತಿಜ್ಞೆ ಮಾಡಿಸ್ತಾರಲ್ಲ, ಅದು ನ್ಯಾಷನಲ್ ಸೇಫ್ಟಿ ಕೌನ್ಸಿಲ್‌ನದು. ಅದು ಶುರುವಾಗಿದ್ದು 1966ರ ಮಾರ್ಚ್ 4ರಂದು, ಅದಕ್ಕೇ ಸೇಫ್ಟಿ ವಾರ ಆ ದಿನದಿಂದ ಶುರು. ತರಬೇತಿ, ಸಲಹೆ ಕೊಡುವ ಸಂಸ್ಥೆ ಅದು, ಕೇಸ್ ಹಾಕೋ ಅಧಿಕಾರ ಅದಕ್ಕಿಲ್ಲ. ಎರಡನ್ನೂ ಬೆರೆಸಬೇಡಿ.

ಭೋಪಾಲ್ ದುರಂತ ಆಗಿದ್ದು 1984ರಲ್ಲಿ. ಅದಾದ ಮೇಲೆ 1987ರಲ್ಲಿ ಫ್ಯಾಕ್ಟರೀಸ್ ಆಕ್ಟ್‌ಗೆ ತಿದ್ದುಪಡಿ ತಂದು, ಅಪಾಯ ಕಂಡ್ರೆ ನೇರವಾಗಿ ಇನ್‌ಸ್ಪೆಕ್ಟರ್‌ಗೆ ಹೇಳುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇನ್‌ಸ್ಪೆಕ್ಟರ್‌ಗೆ ಹೇಳುವ ಹಕ್ಕು ಇದೆ, ಆದರೆ ಮೊದಲು ಕಂಪನಿಗೆ ಹೇಳಬೇಕು, ಸರಿ ಆಗದಿದ್ರೆ ಇನ್‌ಸ್ಪೆಕ್ಟರ್‌ಗೆ; ತಕ್ಷಣದ ದೊಡ್ಡ ಅಪಾಯ ಇದ್ರೆ ಇಬ್ಬರಿಗೂ ಒಟ್ಟಿಗೆ ಹೇಳಬಹುದು. ಇನ್‌ಸ್ಪೆಕ್ಟರ್ ಹೆಸರಿಗೆ ಈಗ 'ಫೆಸಿಲಿಟೇಟರ್' ಅಂತ ಸೇರಿಸಿದ್ದಾರೆ, ಅಂದ್ರೆ ಸಲಹೆಯನ್ನೂ ಕೊಡಬೇಕು. ದೂರು ಕೊಟ್ಟವರು ಯಾರು ಅಂತ ಇನ್‌ಸ್ಪೆಕ್ಟರ್ ಗುಟ್ಟಾಗಿ ಇಡಬೇಕು ಅನ್ನೋದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಪ್ಪಂದದಲ್ಲಿದೆ, ಅದನ್ನು ಭಾರತ 1949ರಲ್ಲೇ ಒಪ್ಪಿಕೊಂಡಿದೆ.

ನಿಮ್ಮಲ್ಲಿ ಸೇಫ್ಟಿ ಕಮಿಟಿ ಇದ್ರೆ, ಅದರಲ್ಲಿ ಕೆಲಸಗಾರರ ಸಂಖ್ಯೆ ಮ್ಯಾನೇಜ್‌ಮೆಂಟ್‌ನವರಿಗಿಂತ ಕಡಿಮೆ ಇರಬಾರದು. ನಿಮ್ಮ ಲೈನಿನವರು ಯಾರಿದ್ದಾರೆ ಅಂತ ಕೇಳಿ. ಸುಮ್ನೆ ಹೆಸರಿಗೆ ಇದ್ದಾರಾ, ಮೀಟಿಂಗ್‌ಗೆ ಕರೀತಾರಾ ಅಂತಲೂ ಕೇಳಿ. ಯಾದಗಿರಿ, ಬೀದರ್ ಕಡೆಯಿಂದ ಹೊಸದಾಗಿ ಬಂದ ಹುಡುಗರಿಗೆ ಸೇಫ್ಟಿ ತರಬೇತಿ ಬರೀ ಮರಾಠಿ, ಹಿಂದಿಯಲ್ಲಿ ಆಗ್ತಿದ್ರೆ, ಕನ್ನಡದಲ್ಲಿ ಬಿಡಿಸಿ ಹೇಳೋಕೆ ನಿಮ್ಮನ್ನು ಬಿಡಿ ಅಂತ ಕೇಳಿ. ಕೈ ಸ್ವಲ್ಪದರಲ್ಲೇ ಉಳೀತು ಅನ್ನುವಂಥದ್ದು ನಡೆದರೆ ನಿಯರ್ ಮಿಸ್ ರಿಜಿಸ್ಟರ್‌ನಲ್ಲಿ ಬರೆಸಿ, ತಾರೀಖು, ಮಷಿನ್ ನಂಬರ್ ಸಮೇತ.

ಬರೆದು ವಾರ ಆದ್ರೂ ಆ ಮಷಿನ್ ಹಾಗೇ ಓಡ್ತಾ ಇದ್ರೆ, ಡಿಶ್‌ಗೆ ಬರೆಯಿರಿ. ಕಂಪನಿ ಯಾರ ಪಾರ್ಟ್‌ನರ್ ಅಂತ ಅಲ್ಲಿ ಹೇಳುವ ಅಗತ್ಯ ಇಲ್ಲ, ಕಾರ್ಖಾನೆಯ ಹೆಸರು, ಶಾಪ್, ಮಷಿನ್ ನಂಬರ್, ಮಷಿನ್‌ಗೆ ಯಾವ ರಕ್ಷಣೆಯ ಗಾರ್ಡ್ ಇಲ್ಲ, ಎಷ್ಟು ದಿನದಿಂದ ಇಲ್ಲ, ಇಷ್ಟು ಸಾಕು.