ಇಲಿಯ ಹಸಿವು, ನಮ್ಮ ಮಾತ್ರೆ

ಲಾಲ್‌ಬಾಗ್‌ನ ಪಶ್ಚಿಮ ದ್ವಾರದ ಹೊರಗೆ ರಾಗಿ ಅಂಬಲಿ ಕುಡಿಯುತ್ತಿದ್ದ ಹಿರಿಯರೊಬ್ಬರು ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು ತೋರಿಸಿದರು. ‘ಸರ್ಟ್‌1 ಎಂಬ ಜೀನ್ ಚುರುಕಾಗುತ್ತದಂತೆ, ಮುಪ್ಪು ತಡವಾಗುತ್ತದಂತೆ, ಬಾಯಿಚಪಲವೂ ನಿಲ್ಲುತ್ತದಂತೆ.’ ಒಂದು ಡಬ್ಬಿಯಲ್ಲಿ ಮೂರು ‘ಅಂತೆ’.

ಅರೆಹೊಟ್ಟೆ ಉಂಡ ಇಲಿ ಹೆಚ್ಚು ಕಾಲ ಬದುಕುತ್ತದೆ ಎಂಬುದು 1935ರಲ್ಲೇ ಗೊತ್ತಾಗಿತ್ತು. ಏಕೆ ಎಂದು ಹುಡುಕುವುದರಲ್ಲೇ ಅರವತ್ತು ವರ್ಷ ಸರಿದವು. 1999ರಲ್ಲಿ ಅಮೆರಿಕದ ಲೆನರ್ಡ್ ಗ್ವಾರೆಂಟೆ ಅವರ ತಂಡ ಯೀಸ್ಟ್‌ಗೆ ಸರ್‌2 ಎಂಬ ಜೀನಿನ ಇನ್ನೊಂದು ಪ್ರತಿ ಸೇರಿಸಿದಾಗ ಅದರ ಆಯುಸ್ಸು ಸುಮಾರು ಶೇ 30ರಷ್ಟು ಹೆಚ್ಚಿತು. ನಮ್ಮಲ್ಲಿರುವ ಅದರ ದಾಯಾದಿಯೇ ಸರ್ಟ್‌1. ದ್ರಾಕ್ಷಿ ಸಿಪ್ಪೆಯಲ್ಲಿನ ರೆಸ್ವೆರಟ್ರಾಲ್ ಇದನ್ನು ಬಡಿದೆಬ್ಬಿಸುತ್ತದೆ ಎಂದು 2003ರಲ್ಲಿ ಸುದ್ದಿಯಾದದ್ದೇ ತಡ, ಮಾರುಕಟ್ಟೆ ಎದ್ದು ಕುಳಿತಿತು. ಸರ್‌2 ಹೆಚ್ಚಿಸಿದ ಹುಳು, ನೊಣಗಳಲ್ಲಿ ಕಂಡಿದ್ದ ಆಯುಸ್ಸಿನ ಲಾಭ 2011ರ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆ ಸಂಗತಿಗೆ ಡಬ್ಬಿಯ ಮೇಲೆ ಜಾಗ ಸಿಕ್ಕಿಲ್ಲ.

ನಿಜವಾದ ಗೋಜಲು ಇರುವುದು ಮಿದುಳಿನಲ್ಲಿ. ಹಸಿವನ್ನು ಹಿಡಿತದಲ್ಲಿಡುವ ಅದರ ಭಾಗ ಹೈಪೋಥಲಾಮಸ್ ಬಾದಾಮಿಯಷ್ಟೇ ದೊಡ್ಡದು. ಅಲ್ಲಿ ಎಜಿಆರ್‌ಪಿ ನರಕೋಶಗಳು ‘ಬಡಿಸು’ ಎನ್ನುತ್ತವೆ, ಪಿಒಎಂಸಿ ಕೋಶಗಳು ‘ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತವೆ. ಸರ್ಟ್‌1 ಎರಡೂ ಕಡೆ ಇದೆ. 2009–10ರ ಪ್ರಯೋಗಗಳಲ್ಲಿ ಅದನ್ನು ಹೈಪೋಥಲಾಮಸ್‌ನಲ್ಲಿ ತಡೆದಾಗ ಇಲಿಗಳ ಊಟ ಇಳಿಯಿತು. ಎಜಿಆರ್‌ಪಿ ಕೋಶಗಳಿಂದ ತೆಗೆದಾಗಲೂ ಹಾಗೆಯೇ. ಅಂದರೆ ಇದು ಹಸಿವು ಹೆಚ್ಚಿಸುವ ಜೀನ್ ಎಂದಾಯಿತು. 2014ರಲ್ಲಿ ಜಪಾನಿನ ತಂಡವೊಂದು ಅದೇ ಕೋಶಗಳಲ್ಲಿ ಸರ್ಟ್‌1 ಹೆಚ್ಚಿಸಿ ನೋಡಿತು. ಆಗಲೂ ಇಲಿಗಳು ಕಡಿಮೆಯೇ ತಿಂದವು! ಪಿಒಎಂಸಿಯಲ್ಲಿ ಹೆಚ್ಚಿಸಿದಾಗ ತಿನ್ನುವುದಕ್ಕಿಂತ ಶಕ್ತಿಯ ಖರ್ಚಿನಲ್ಲಿ ವ್ಯತ್ಯಾಸ ಕಂಡಿತು. ವಯಸ್ಸಾದಂತೆ ಮೈಗೇರುವ ತೂಕ ಎರಡೂ ಬಗೆಯ ಇಲಿಗಳಲ್ಲಿ ತಗ್ಗಿತು. ಕೊಬ್ಬಿನಿಂದ ಬರುವ ‘ಹೊಟ್ಟೆ ತುಂಬಿದೆ’ ಎಂಬ ಸಂದೇಶ, ಅಂದರೆ ಲೆಪ್ಟಿನ್, ಮಿದುಳಿಗೆ ಚೆನ್ನಾಗಿ ಕೇಳಿಸತೊಡಗಿತ್ತು.

ತೆಗೆದರೂ ಊಟ ಇಳಿಕೆ, ಹೆಚ್ಚಿಸಿದರೂ ಇಳಿಕೆ. ಇಂಥದ್ದನ್ನು ಒಂದೇ ಸಾಲಿನ ಜಾಹೀರಾತಿಗೆ ಇಳಿಸುವ ಧೈರ್ಯ ನನಗಂತೂ ಇಲ್ಲ. ಇಷ್ಟು ಮಾಡಿದ್ದೆಲ್ಲ ಇಲಿಗಳ ತಲೆಯೊಳಗೆ ಕೈಹಾಕಿ, ಮಾತ್ರೆ ನುಂಗಿಸಿ ಅಲ್ಲ. ಜೊತೆಗೆ ಸರ್ಟ್‌1 ಕೆಲಸ ಮಾಡಲು ಎನ್‌ಎಡಿ ಎಂಬ ಅಣು ಬೇಕು. ಕೊಬ್ಬು, ಸಕ್ಕರೆ ತುಂಬಿದ ಆಹಾರ ಕೊಟ್ಟ ಇಲಿಗಳ ಹೈಪೋಥಲಾಮಸ್‌ನಲ್ಲಿ ಅದೇ ಕಡಿಮೆಯಾಗಿ, ಜೀನಿನ ಗುಣವೆಲ್ಲ ಮಂಕಾಯಿತು.

ಹಿರಿಯರು ಅಂಬಲಿಯ ಕೊನೆಯ ಗುಟುಕಿನೊಂದಿಗೆ ಮಾತ್ರೆ ನುಂಗಿದರು. ‘ಬನ್ನಿ, ಬೆಣ್ಣೆ ಮಸಾಲೆ ತಿನ್ನೋಣ’ ಎಂದು ಗಾಂಧಿ ಬಜಾರ್ ಕಡೆಗೆ ಹೆಜ್ಜೆ ಹಾಕಿದರು. ನಾನೂ ಹೋದೆ.