ವಿಂಡೋಸ್ ಪಕ್ಕದಲ್ಲಿ ಉಬುಂಟು: ಹಾಕುವುದು, ಆಮೇಲೆ ತೆಗೆಯುವುದು

ವಿಂಡೋಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಉಬುಂಟು (ಲಿನಕ್ಸ್ ಬಗೆಯ ಒಂದು ಆಪರೇಟಿಂಗ್ ಸಿಸ್ಟಮ್) ಹಾಕುವುದು ಹೇಗೆ ಅಂತ ಹುಡುಕಿದರೆ ವಿಡಿಯೋಗಳು ರಾಶಿ ರಾಶಿ ಸಿಗುತ್ತವೆ. ತೆಗೆಯುವುದನ್ನು ಮಾತ್ರ "ಪಾರ್ಟಿಷನ್ ಡಿಲೀಟ್ ಮಾಡಿ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ (ಪಾರ್ಟಿಷನ್ ಅಂದರೆ ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಒಂದು ಭಾಗ). ಜಾಸ್ತಿ ಜನ ಎಡವುವುದು ಅಲ್ಲೇ. ಹಾಗಾಗಿ ಲ್ಯಾಪ್‌ಟಾಪ್ ಬೂಟ್ ಆಗುವುದು, ಅಂದರೆ ಆನ್ ಮಾಡಿದಾಗ ಶುರುವಾಗುವುದು, ಹೇಗೆ ಅಂತ ಮೊದಲು ನೋಡೋಣ.

ಉಬುಂಟು ಮೂರು ಕಡೆ ಇರುತ್ತದೆ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಬಯೋಸ್ ಬದಲು ಯುಇಎಫ್‌ಐ ಇದೆ, ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್ ಇದು. ಪವರ್ ಒತ್ತಿದಾಗ ಅದು ಡಿಸ್ಕ್‌ನಲ್ಲಿರುವ ಇಎಫ್‌ಐ ಪಾರ್ಟಿಷನ್ ಅನ್ನು ನೋಡುತ್ತದೆ. ಇದು ಫ್ಯಾಟ್32 ಮಾದರಿಯ ಸಣ್ಣ ಜಾಗ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬರೀ 100 ಎಂಬಿ. ವಿಂಡೋಸ್‌ನ ಬೂಟ್ ಫೈಲ್‌ಗಳು ಅಲ್ಲಿ ಮೈಕ್ರೋಸಾಫ್ಟ್ ಅನ್ನುವ ಫೋಲ್ಡರ್‌ನಲ್ಲಿವೆ. ಉಬುಂಟು ಹಾಕಿದರೆ ಪಕ್ಕದಲ್ಲೇ ಉಬುಂಟು ಫೋಲ್ಡರ್ ಬರುತ್ತದೆ, ಅದರೊಳಗೆ ಗ್ರಬ್, ಅಂದರೆ ಉಬುಂಟುವನ್ನು ಶುರುಮಾಡುವ ಸಣ್ಣ ಪ್ರೋಗ್ರಾಂ, ಇರುತ್ತದೆ. ಇವುಗಳಲ್ಲಿ ಯಾವುದನ್ನು ಮೊದಲು ಕರೆಯಬೇಕು ಅನ್ನುವ ಪಟ್ಟಿ ಮಾತ್ರ ಡಿಸ್ಕ್‌ನಲ್ಲಿಲ್ಲ, ಮದರ್‌ಬೋರ್ಡ್‌ನ ಮೆಮೊರಿಯಲ್ಲಿದೆ.

ಅಂದರೆ ಉಬುಂಟು ತನ್ನ ಪಾರ್ಟಿಷನ್‌ನಲ್ಲಿದೆ, ಇಎಫ್‌ಐ ಫೋಲ್ಡರ್‌ನಲ್ಲಿದೆ, ಮದರ್‌ಬೋರ್ಡ್ ಪಟ್ಟಿಯಲ್ಲೂ ಇದೆ. ಪಾರ್ಟಿಷನ್ ಒಂದನ್ನೇ ಅಳಿಸಿದರೆ ಉಳಿದೆರಡು ಹಾಗೇ ಇರುತ್ತವೆ.

ಹಾಕುವ ಮೊದಲು

ಬ್ಯಾಕಪ್ ಬೇಕೇ ಬೇಕು, ಅದರಲ್ಲಿ ಚರ್ಚೆ ಇಲ್ಲ. ಆಮೇಲೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಷನ್) ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ನಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಬೂಟ್ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟರೆ ಏನು ಪ್ರಯೋಜನ?

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಉಬುಂಟುವಿನಿಂದ ಸಿ ಡ್ರೈವ್‌ಗೆ ಏನನ್ನೂ ಬರೆಯಲು ಆಗದೆ ಹೋಗಬಹುದು.

ಜಾಗ ಬಿಡಿಸುವುದಕ್ಕೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ಶ್ರಿಂಕ್ ಕೊಡಿ. 25 ಜಿಬಿ ಸಾಕು ಅಂತಾರೆ, ಆದರೆ 50 ಇಟ್ಟರೆ ನೆಮ್ಮದಿ. 200 ಜಿಬಿ ಖಾಲಿ ಇದ್ದರೂ ಕೆಲವೊಮ್ಮೆ ಸ್ವಲ್ಪವೇ ಬಿಡುತ್ತದೆ. ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ ಪೇಜ್ ಫೈಲ್, ಹೈಬರ್ನೇಷನ್ ಫೈಲ್ ಥರದ್ದು ಜಾಗ ಬಿಟ್ಟು ಕದಲದೇ ಇರುವುದೇ ಇದಕ್ಕೆ ಕಾರಣ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ.

ಇನ್‌ಸ್ಟಾಲರ್‌ನಲ್ಲಿ ನಿಮಗೆ ಬೇಕಾದದ್ದು ವಿಂಡೋಸ್ ಪಕ್ಕದಲ್ಲಿ ಹಾಕುವ ಆಯ್ಕೆ. ಡಿಸ್ಕ್ ಅಳಿಸುವ ಆಯ್ಕೆಯೂ ಅಲ್ಲೇ ಇರುತ್ತದೆ, ಹುಷಾರು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲ್‌ಗಳನ್ನಷ್ಟೇ ಬಿಡುವ ಯುಇಎಫ್‌ಐ ಕಾವಲು) ಆಫ್ ಮಾಡಬೇಕು ಅನ್ನುವುದು ಹಳೇ ಸಲಹೆ. ಉಬುಂಟು ಸಾಮಾನ್ಯವಾಗಿ ಅದರ ಜೊತೆಗೇ ನಡೆಯುತ್ತದೆ.

ಹಾಕಿದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ. ಲಿನಕ್ಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ.

ತೆಗೆಯುವಾಗ

ಮೊದಲು ಉಬುಂಟುವಿನಲ್ಲಿರುವ ನಿಮ್ಮ ಫೈಲ್‌ಗಳನ್ನು ಹೊರಗೆ ತೆಗೆದಿಟ್ಟುಕೊಳ್ಳಿ. ಆಮೇಲೆ ಯುಇಎಫ್‌ಐ ಸೆಟಪ್‌ಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ. ಒಮ್ಮೆ ರೀಸ್ಟಾರ್ಟ್ ಮಾಡಿ, ನೇರವಾಗಿ ವಿಂಡೋಸ್ ಬರುತ್ತದಾ ನೋಡಿ. ಬಂತು ಅಂದ ಮೇಲೆಯೇ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪಾರ್ಟಿಷನ್ ಅಳಿಸಿ. ಲಿನಕ್ಸ್ ಪಾರ್ಟಿಷನ್‌ಗೆ ಡ್ರೈವ್ ಅಕ್ಷರ ಇರುವುದಿಲ್ಲ. ಆದರೆ ವಿಂಡೋಸ್ ರಿಪೇರಿಗೆ ಬೇಕಾಗುವ ರಿಕವರಿ ಪಾರ್ಟಿಷನ್‌ಗೂ ಇರುವುದಿಲ್ಲ! ಅದಕ್ಕೇ ಸೈಜ್ ನೋಡಿ ಗುರುತಿಸಿ. ಖಾಲಿಯಾದ ಜಾಗ ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡೇ ಇದ್ದರೆ ಎಕ್ಸ್‌ಟೆಂಡ್ ಕೆಲಸ ಮಾಡುತ್ತದೆ. ನಡುವೆ ಬೇರೆ ಪಾರ್ಟಿಷನ್ ಇದ್ದರೆ ಆ ಆಯ್ಕೆ ಮಸುಕಾಗಿರುತ್ತದೆ.

ಇಎಫ್‌ಐ ಪಾರ್ಟಿಷನ್‌ನೊಳಗಿನ ಉಬುಂಟು ಫೋಲ್ಡರ್ ಬಿಟ್ಟರೂ ತೊಂದರೆಯಿಲ್ಲ, ಕೆಲವೇ ಎಂಬಿ. ತೆಗೆಯಲೇಬೇಕಿದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೌಂಟ್‌ವಾಲ್ (mountvol) ಅನ್ನುವ ಕಮಾಂಡ್ ಬಳಸಿ ಆ ಪಾರ್ಟಿಷನ್‌ಗೆ ಒಂದು ಅಕ್ಷರ ಕೊಟ್ಟು, ಆ ಫೋಲ್ಡರ್ ಒಂದನ್ನೇ ಅಳಿಸಿ. ಆ ಪಾರ್ಟಿಷನ್ ಅನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ, ವಿಂಡೋಸ್ ಬೂಟ್ ಆಗುವುದೂ ಅಲ್ಲಿಂದಲೇ ಅಲ್ವಾ? ಮದರ್‌ಬೋರ್ಡ್ ಪಟ್ಟಿಯಲ್ಲಿ ಉಳಿದ ಉಬುಂಟು ಹೆಸರನ್ನು ಬಿಸಿಡಿಎಡಿಟ್ (bcdedit) ಅನ್ನುವ ಕಮಾಂಡ್‌ನಿಂದ ತೆಗೆಯಬಹುದು.

ಆಗಲೇ ಪಾರ್ಟಿಷನ್ ಅಳಿಸಿ, ಕಪ್ಪು ಪರದೆಯ ಮೇಲೆ ಬರೀ ಗ್ರಬ್ ಅಂತ ಬಂದು ನಿಂತಿದೆಯಾ? ಗ್ರಬ್ ತನ್ನ ಸೆಟ್ಟಿಂಗ್ ಫೈಲ್ ಹುಡುಕುತ್ತಿದೆ, ನೀವು ಅದನ್ನು ಅಳಿಸಿದ್ದೀರಿ, ಅಷ್ಟೇ. ವಿಂಡೋಸ್ ಹಾಗೇ ಇದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಕಂಪನಿಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಇರುತ್ತದೆ. ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ ಒಳಗೆ ಹೋಗಿ, ಆಮೇಲೆ ಯುಇಎಫ್‌ಐ ಸೆಟಪ್‌ನಲ್ಲಿ ಪಟ್ಟಿ ಸರಿಮಾಡಿಕೊಳ್ಳಿ.